ಬೋರ್‌ವೆಲ್ ಆಟೋ ಸ್ಟಾರ್ಟರ್: ರಿಪೇರಿ ಮಾಡಿಸೋದಾ, ಹೊಸದು ಹಾಕಿಸೋದಾ?

ಹೊಳಲ್ಕೆರೆ ತೋಟ

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ನಾನು ಕೆಲಸದ ಮೇಲೆ ದಾವಣಗೆರೆಯಲ್ಲಿದ್ದೇನೆ. ತೋಟದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಬೋರಿಗೆ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ಇಳಿಸಿದ್ದೇವೆ. ಫೋನ್‌ನಿಂದಲೇ ಆನ್, ಆಫ್ ಮಾಡುವ ಆಟೋ ಪ್ಯಾನಲ್ ಇದೆ. ಹಾಕಿಸಿ ಆರು ವರ್ಷ ಆಗುತ್ತಾ ಬಂತು.

ಈಗ ಎರಡು ತೊಂದರೆ. ಫೋನ್‌ನಲ್ಲಿ ಆನ್ ಕೊಟ್ಟರೆ 'ಮೋಟರ್ ಆನ್' ಅಂತ ಮೆಸೇಜ್ ಬರುತ್ತದೆ, ನೀರು ಮಾತ್ರ ಬರೋದಿಲ್ಲ. ಅಪ್ಪ ಹೋಗಿ ನೋಡಿದರೆ ಡಬ್ಬದೊಳಗೆ ಗುಂಯ್ ಅನ್ನುವ ಸದ್ದು, ಆಮೇಲೆ ಟಕಟಕ ಅಂತ ಬಡಿದುಕೊಳ್ಳುವ ಸದ್ದು. ಸರಿಯಾಗಿ ಶುರುವಾದ ದಿನವೂ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ 'ಓವರ್‌ಲೋಡ್' ಅಂತ ತೋರಿಸಿ ನಿಂತುಬಿಡುತ್ತದೆ.

ಪ್ಯಾನಲ್ ಕೊಟ್ಟ ಅಂಗಡಿಯವರು 'ಬೋರ್ಡ್ ಹೋಗಿದೆ, ಹೊಸದೇ ಹಾಕಿಸಿ' ಅಂತ 13,500 ರೂಪಾಯಿ ಹೇಳಿದ್ದಾರೆ. ಪಕ್ಕದೂರಿನ ಮೆಕ್ಯಾನಿಕ್ 4,200ಕ್ಕೆ ರಿಪೇರಿ ಮಾಡಿಕೊಡ್ತೀನಿ ಅಂತಾರೆ. ಆದರೆ ಗ್ಯಾರಂಟಿ ಕೊಡೋದಿಲ್ಲ.

ದುಡ್ಡಿಗಿಂತ ನೀರಿನ ಲೆಕ್ಕವೇ ನನಗೆ ಚಿಂತೆ. ಎಕರೆಗೆ 550 ಮರ ಅಂದರೆ ಒಟ್ಟು 2,200 ಮರ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಸುಮಾರು 40,000 ಲೀಟರ್. ನಮ್ಮ ಬೋರು ಗಂಟೆಗೆ ಹೆಚ್ಚುಕಮ್ಮಿ 6,000 ಲೀಟರ್ ಎತ್ತುತ್ತದೆ. ತ್ರೀ ಫೇಸ್ ಸಿಗೋದು 7 ಗಂಟೆ. ಪೂರ್ತಿ ಓಡಿದರೆ 42,000 ಲೀಟರ್. ಒಂದು ಗಂಟೆ ಮೋಟರ್ ನಿಂತರೂ ಒಂದು ಮೂಲೆಗೆ ನೀರು ತಪ್ಪುತ್ತದೆ. ಅದರಲ್ಲಿ ಮೂರು ಗಂಟೆ ರಾತ್ರಿ ಪಾಳಿ. ನಮ್ಮ ಗುಡ್ಡದ ಕಡೆ ಕರಡಿ ಓಡಾಟ ಇದೆ. ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇ ಅಪ್ಪ ರಾತ್ರಿ ಬ್ಯಾಟರಿ ಹಿಡಿದು ಮೋಟರ್ ಮನೆಗೆ ಹೋಗಬಾರದು ಅಂತ. ಈಗ ಮತ್ತೆ ಹೋಗುತ್ತಿದ್ದಾರೆ.

ಶಿವರಾತ್ರಿ ಹತ್ತಿರ ಬಂತು. ಬಿಸಿಲು ಏರುವ ಮೊದಲು ಒಂದು ತೀರ್ಮಾನ ಆಗಬೇಕು. ಗೊತ್ತಿರುವವರು ಹೇಳಿ.

ಹೊಸದುರ್ಗದ ತೆಂಗಿನ ತೋಟ

ತಮ್ಮಾ, ಹೊಸದು ಹಾಕಿಸಿಬಿಡು. ನಮ್ಮದೂ ಇದೇ ಕಥೆ ಆಗಿತ್ತು. ಯಜಮಾನರು ಹೋದ ಮೇಲೆ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಬೋರ್ಡ್ ರಿಪೇರಿಗೆ ಕೊಟ್ಟರೆ ವಾರ ಕಾಯಿಸುತ್ತಾರೆ. ತಂದು ಹಾಕಿದ ಮೇಲೆ ಇನ್ನೊಂದು ಕಡೆ ಕೆಡುತ್ತದೆ. ತೆಂಗು ಹೇಗೋ ತಡೆಯುತ್ತದೆ, ಅಡಿಕೆ ತಡೆಯೋದಿಲ್ಲ. ಏಪ್ರಿಲ್‌ನಲ್ಲಿ ಹಿಂಗಾರ ಒಣಗಿದರೆ 13,500 ಯಾವ ಮೂಲೆಗೆ? ಆರು ವರ್ಷ ದುಡಿದಿದೆ, ಸಾಕು.

ಚನ್ನಗಿರಿ ಮೋಟರ್ ಕೆಲಸ

ಅಣ್ಣಾ, ದುಡುಕಬೇಡಿ. ನಾನು ಮೋಟರ್ ರಿವೈಂಡಿಂಗ್, ಪ್ಯಾನಲ್ ಕೆಲಸ ಎರಡೂ ಮಾಡುತ್ತೇನೆ. ನೀವು ಹೇಳಿದ ಗುಂಯ್ ಸದ್ದು ಬೋರ್ಡಿಂದಲ್ಲ, ಕಂಟ್ಯಾಕ್ಟರ್‌ದು, ಅಂದರೆ ಮೋಟರಿಗೆ ಕರೆಂಟ್ ಸೇರಿಸುವ ಅಯಸ್ಕಾಂತದ ಸ್ವಿಚ್ಚಿನದು. ಬೋರ್ಡ್ ತನ್ನ ಕೆಲಸ ಮಾಡಿದೆ, ಕಂಟ್ಯಾಕ್ಟರ್‌ಗೆ 'ಎಳಿ' ಅಂತ ಹೇಳಿದೆ. ಅದು ಎಳೆದು ಹಿಡಿಯೋಕೆ ಆಗದೆ ಒದ್ದಾಡುತ್ತಿದೆ. ಹಳೇ ಪ್ಯಾನಲ್‌ಗಳಲ್ಲಿ ಆರ್ಡರ್ ಕೊಟ್ಟ ಕೂಡಲೇ 'ಆನ್' ಮೆಸೇಜ್ ಕಳಿಸುತ್ತವೆ. ಮೋಟರ್ ನಿಜವಾಗಿ ತಿರುಗಿತಾ ಅಂತ ನೋಡೋದಿಲ್ಲ.

ಕಂಟ್ಯಾಕ್ಟರ್ ಹಿಡಿಯದೆ ಇರೋದಕ್ಕೆ ನಾಲ್ಕೈದು ಕಾರಣ ಇರುತ್ತವೆ. ಕಾಯಿಲ್ ಸೊರಗಿರಬಹುದು. ಒಳಗಿನ ಕಬ್ಬಿಣದ ಮುಖಕ್ಕೆ ಧೂಳು, ತುಕ್ಕು ಕೂತಿರಬಹುದು. ಇರುವೆ ಗೂಡು ಕಟ್ಟಿರಬಹುದು. ಹಲ್ಲಿ ಸಿಕ್ಕಿಕೊಂಡು ಸತ್ತಿರಬಹುದು, ಇದು ನಾನು ತುಂಬಾ ಸಲ ನೋಡಿದ್ದೇನೆ. ಇಲ್ಲ ಅಂದರೆ ವೋಲ್ಟೇಜ್ ಸಾಲುತ್ತಿಲ್ಲ. ಇದ್ಯಾವುದಕ್ಕೂ 13,500 ಬೇಕಿಲ್ಲ. ಕಾಯಿಲ್ ಬೇರೆ ಸಿಗುತ್ತದೆ, ಪಾಯಿಂಟ್ ಸೆಟ್ ಬೇರೆ ಸಿಗುತ್ತದೆ.

ಓವರ್‌ಲೋಡ್ ಟ್ರಿಪ್ ಬಗ್ಗೆ ಮಾತ್ರ ಒಂದು ಮಾತು. ಆಂಪ್ಸ್ ಮಿತಿ ಮೀರಿದರೆ ಮೋಟರ್ ನಿಲ್ಲಿಸೋದು ರಿಲೇ. ಯಾರಾದರೂ ಬಂದು ಅದರ ತಿರುಪು ಜಾಸ್ತಿಗೆ ತಿರುಗಿಸಿ 'ಈಗ ನಿಲ್ಲಲ್ಲ ನೋಡಿ' ಅಂದರೆ ಒಪ್ಪಬೇಡಿ. ಅದು ನಿಲ್ಲೋದಿಲ್ಲ, ಮೋಟರ್ ಸುಡುತ್ತದೆ. ಆಮೇಲೆ ಪೈಪ್ ಎತ್ತೋ ಗಾಡಿ ಕರೆಸಬೇಕು, ರಿವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು.

ಮೂರು ಫೇಸಿನ ವೋಲ್ಟೇಜು, ಆಂಪ್ಸು ಎಷ್ಟು ಬರುತ್ತಿದೆ? ಅದು ಹೇಳಿ ಮೊದಲು.

ಚಳ್ಳಕೆರೆ ಶೇಂಗಾ

ನಮ್ಮ ಕಡೆ ಹೀಗೆ ನಿಂತರೆ ಮೊದಲು ಬೋರಲ್ಲಿ ನೀರಿದೆಯಾ ಅಂತ ನೋಡುತ್ತೇವೆ. ನಿಮ್ಮದು ನೀರು ಕಮ್ಮಿಯಾಗಿ ನಿಲ್ಲುತ್ತಿರಬಹುದಾ?

ಚನ್ನಗಿರಿ ಮೋಟರ್ ಕೆಲಸ

ಇಲ್ಲ ಅಣ್ಣ. ನೀರು ಕಮ್ಮಿ ಆದರೆ ಮೋಟರ್‌ಗೆ ಭಾರ ಇಳಿಯುತ್ತದೆ, ಆಂಪ್ಸ್ ಕೆಳಗೆ ಬರುತ್ತದೆ. ಆಗ ಪ್ಯಾನಲ್ 'ಡ್ರೈ ರನ್' ಅಂತ ತೋರಿಸಬೇಕು. ಇವರದ್ದು ಓವರ್‌ಲೋಡ್. ಆಂಪ್ಸ್ ಮೇಲೆ ಹೋಗಿದೆ. ಎರಡೂ ಬೇರೆ ಬೇರೆ ಕಾಯಿಲೆ.

ದಾವಣಗೆರೆ ಎಲೆಕ್ಟ್ರಿಕಲ್ ಮೇಷ್ಟ್ರು

ಚನ್ನಗಿರಿಯವರು ಸರಿಯಾದ ದಾರಿ ಹಿಡಿದಿದ್ದಾರೆ. ನಾನು ಹುಡುಗರಿಗೆ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುತ್ತೇನೆ. ರಿಪೇರಿಯೋ ಹೊಸದೋ ಅನ್ನುವ ಪ್ರಶ್ನೆ ಆಮೇಲೆ. ಪ್ಯಾನಲ್ ಯಾಕೆ ನಿಂತಿತು ಅಂತ ತಿಳಿಯದೆ ಹೊಸದು ಹಾಕಿದರೆ ಹೊಸದೂ ನಿಲ್ಲುತ್ತದೆ. ಹಾಗೆ ನಿಂತ ಹೊಸ ಪ್ಯಾನಲ್‌ಗಳನ್ನು ನಾನು ಕಂಡಿದ್ದೇನೆ.

ಒಳ್ಳೆ ಎಲೆಕ್ಟ್ರಿಷಿಯನ್‌ ಕರೆಸಿ. ವೈರ್ ಬಿಚ್ಚದೆ ಆಂಪ್ಸ್ ಅಳೆಯುವ ಕ್ಲ್ಯಾಂಪ್ ಮೀಟರ್ ಇರುವವರು ಬೇಕು. ನೀವೇ ಕೈ ಹಾಕಬೇಡಿ, ಇದು 415 ವೋಲ್ಟ್.

ಮೊದಲು ಮೋಟರ್ ಆಫ್ ಇದ್ದಾಗ ಒಳಬರುವ ಮೂರು ಫೇಸ್‌ಗಳ ಮಧ್ಯೆ ವೋಲ್ಟೇಜ್ ಬರೆದುಕೊಳ್ಳಿ. ಆರ್-ವೈ, ವೈ-ಬಿ, ಬಿ-ಆರ್. ಆಮೇಲೆ ಮೋಟರ್ ಓಡುವಾಗ ಅದೇ ಮೂರನ್ನು ಮತ್ತೆ ಬರೆದುಕೊಳ್ಳಿ. ಖಾಲಿ ಇದ್ದಾಗ ಚೆನ್ನಾಗಿ ತೋರಿಸಿ, ಓಡುವಾಗ ಏರುಪೇರಾದರೆ ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಸಡಿಲ ಇದೆ ಅಂತ ಅರ್ಥ.

ಆಮೇಲೆ ಮೂರು ವೈರಿನ ಆಂಪ್ಸ್. 7.5 ಎಚ್‌ಪಿ ಸಬ್‌ಮರ್ಸಿಬಲ್‌ಗೆ ಸಾಮಾನ್ಯವಾಗಿ 14, 15 ಆಂಪ್ಸ್ ಇರುತ್ತದೆ. ನಿಮ್ಮ ಮೋಟರಿನ ನೇಮ್‌ಪ್ಲೇಟ್ ಅಥವಾ ಬಿಲ್ಲಿನ ಜೊತೆ ಬಂದ ಕಾಗದ ನೋಡಿ, ಅದರಲ್ಲಿರುವುದೇ ಲೆಕ್ಕ. ಮೂರೂ ಹತ್ತಿರ ಹತ್ತಿರ ಇರಬೇಕು.

ಒಂದರಲ್ಲಿ ಜಾಸ್ತಿ ಬಂದರೆ ತಪ್ಪು ಮೋಟರಿನದಾ, ಲೈನಿನದಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಮೇನ್ ಆಫ್ ಮಾಡಿ, ಮೋಟರಿಗೆ ಹೋಗುವ ಮೂರೂ ವೈರ್‌ಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿ. ಮೊದಲನೆಯದು ಎರಡನೆಯದರ ಜಾಗಕ್ಕೆ, ಎರಡನೆಯದು ಮೂರನೆಯದರ ಜಾಗಕ್ಕೆ, ಮೂರನೆಯದು ಮೊದಲಿನದಕ್ಕೆ. ಮೂರೂ ಒಟ್ಟಿಗೆ ಸರಿಯುವುದರಿಂದ ಮೋಟರ್ ಉಲ್ಟಾ ತಿರುಗೋದಿಲ್ಲ. ಎರಡನ್ನು ಮಾತ್ರ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ, ಎಚ್ಚರ. ಈಗ ಮತ್ತೆ ಆಂಪ್ಸ್ ನೋಡಿ. ಜಾಸ್ತಿ ಆಂಪ್ಸ್ ಆ ವೈರಿನ ಜೊತೆಗೇ ಸರಿದರೆ ತೊಂದರೆ ಮೋಟರಲ್ಲೋ, ಬೋರಿನೊಳಗಿನ ಕೇಬಲ್ ಜಾಯಿಂಟಲ್ಲೋ ಇದೆ. ಜಾಸ್ತಿ ಆಂಪ್ಸ್ ಪ್ಯಾನಲ್‌ನ ಅದೇ ಟರ್ಮಿನಲ್‌ನಲ್ಲಿ ಉಳಿದರೆ ತೊಂದರೆ ಮೇಲಿನಿಂದ, ಅಂದರೆ ಕರೆಂಟ್ ಬರುವ ಕಡೆಯಿಂದ.

ಕೊನೆಗೆ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್ ಹಾಕಿಸಿ. ಪ್ಯಾನಲ್‌ನಿಂದ ಮೋಟರ್ ವೈರ್ ಬಿಚ್ಚಿ, ವೈರಿಗೂ ಅರ್ಥಿಂಗ್‌ಗೂ ಮಧ್ಯೆ 500 ವೋಲ್ಟ್ ಮೆಗ್ಗರ್‌ನಲ್ಲಿ ನೋಡಬೇಕು. 1 ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಮೋಟರ್ ಮೇಲೆತ್ತುವ ಯೋಚನೆ ಮಾಡಬೇಕಾಗುತ್ತದೆ.

ಹೊಳಲ್ಕೆರೆ ತೋಟ

ತುಂಬಾ ಥ್ಯಾಂಕ್ಸ್ ಸರ್. ಭಾನುವಾರ ಊರಿಗೆ ಹೋಗಿ ಎಲೆಕ್ಟ್ರಿಷಿಯನ್ ಕರೆಸುತ್ತೇನೆ. ಹೊಸದುರ್ಗದ ಅಕ್ಕ, ನಿಮ್ಮ ಮಾತೂ ಮನಸ್ಸಿನಲ್ಲಿದೆ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಹೊಸದೇ.

ಚಳ್ಳಕೆರೆ ಶೇಂಗಾ

ಮೇಷ್ಟ್ರೇ, ಮಧ್ಯೆ ನನ್ನದೊಂದು ಪ್ರಶ್ನೆ. ಎರಡು ಫೇಸ್ ಇರುವಾಗ ಕಂಡೆನ್ಸರ್ (ಕೆಪಾಸಿಟರ್) ಹಾಕಿ ಓಡಿಸುತ್ತಾರಲ್ಲ, ಅದಕ್ಕೆ ಹೊಂದುವ ಆಟೋ ಪ್ಯಾನಲ್ ಬರುತ್ತದಾ?

ದಾವಣಗೆರೆ ಎಲೆಕ್ಟ್ರಿಕಲ್ ಮೇಷ್ಟ್ರು

ದಯವಿಟ್ಟು ಬೇಡ. ತ್ರೀ ಫೇಸ್ ಮೋಟರನ್ನು ಎರಡು ಫೇಸಲ್ಲಿ ಓಡಿಸಿದರೆ ಮೂರರಲ್ಲಿ ಹಂಚಿಹೋಗಬೇಕಾದ ಆಂಪ್ಸ್ ಸಮನಾಗಿ ಹಂಚೋದಿಲ್ಲ. ವೈಂಡಿಂಗ್ ಬಿಸಿಯಾಗುತ್ತದೆ. ಅದನ್ನು ತಡೆಯೋಕೇ ಅಂತ ಸಿಂಗಲ್ ಫೇಸ್ ಪ್ರಿವೆಂಟರ್ ಇರೋದು. ಕಂಡೆನ್ಸರ್ ಹಾಕುವವರು ಮೊದಲು ಅದನ್ನೇ ಬೈಪಾಸ್ ಮಾಡುತ್ತಾರೆ. ಅಲ್ಲಿಗೆ ಮೋಟರಿಗೆ ಕಾವಲು ಇಲ್ಲ. ನೂರಾರು ಅಡಿ ಕೆಳಗಿರುವ ಮೋಟರ್ ಬಿಸಿಯಾಗಿದ್ದು ಮೇಲೆ ಯಾರಿಗೂ ಗೊತ್ತಾಗೋದಿಲ್ಲ. ಟಿಸಿಗೂ (ಟ್ರಾನ್ಸ್‌ಫಾರ್ಮರ್) ಪೆಟ್ಟು, ಪಕ್ಕದ ಹೊಲದವರ ಮೋಟರಿಗೂ ಪೆಟ್ಟು.

ನಿವೃತ್ತ ಲೈನ್‌ಮ್ಯಾನ್, ಚಿತ್ರದುರ್ಗ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಂಬ ಹತ್ತಿ ಸರ್ವೀಸ್ ಮುಗಿಸಿದವನು. ಬೇಸಿಗೆಯಲ್ಲಿ ಟಿಸಿ ಸುಡುವುದಕ್ಕೆ ದೊಡ್ಡ ಕಾರಣ ಎರಡು. ಒಂದು ಈ ಕಂಡೆನ್ಸರ್. ಇನ್ನೊಂದು ಕರೆಂಟ್ ಬಂದ ಕೂಡಲೇ ತಾನೇ ಮೋಟರ್ ಎಬ್ಬಿಸುವ ಆಟೋ ಸ್ವಿಚ್.

ಆಟೋ ಸ್ವಿಚ್ ತಪ್ಪು ಅಂತಲ್ಲ. ಎಲ್ಲರೂ ಡಿಲೇ ಇಲ್ಲದೆ ಇಡುತ್ತಾರೆ, ಅದು ತಪ್ಪು. ಲೆಕ್ಕ ನೋಡಿ. 63 ಕೆವಿಎ ಟಿಸಿ ಕೊಡುವುದು ಫೇಸಿಗೆ 84 ಆಂಪ್ಸ್. 7.5 ಎಚ್‌ಪಿ ಮೋಟರ್ 14 ಆಂಪ್ಸ್ ಅಂತ ಇಟ್ಟುಕೊಂಡರೆ ಆರು ಮೋಟರಿಗೆ ಟಿಸಿ ತುಂಬಿತು. ಅದು ಓಡುವಾಗಿನ ಮಾತು. ನೇರ ಸ್ಟಾರ್ಟ್ ಆಗುವಾಗ ಒಂದೊಂದು ಮೋಟರೂ ಐದಾರು ಪಟ್ಟು ಎಳೆಯುತ್ತದೆ. ಒಂದೇ ಮೋಟರ್ 70, 80 ಆಂಪ್ಸ್. ಕರೆಂಟ್ ಬಂದ ತಕ್ಷಣ ಆರೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದುಬೀಳುತ್ತದೆ. ಯಾವ ಮೋಟರೂ ಸರಿಯಾಗಿ ತಿರುಗೋದಿಲ್ಲ, ಕಂಟ್ಯಾಕ್ಟರ್‌ಗಳು ಬಡಿದುಕೊಳ್ಳುತ್ತವೆ, ಫ್ಯೂಸ್ ಹೋಗುತ್ತದೆ.

ನಿಮ್ಮ ಟಿಸಿಯಲ್ಲಿ ಎಷ್ಟು ಜನ ಇದ್ದೀರಿ ಅಂತ ನೋಡಿಕೊಳ್ಳಿ. ಒಬ್ಬೊಬ್ಬರೂ ಬೇರೆ ಬೇರೆ ಡಿಲೇ ಇಟ್ಟುಕೊಳ್ಳಿ. ಇದಕ್ಕೆ ದುಡ್ಡು ಬೇಡ, ಕಟ್ಟೆ ಮೇಲೆ ಕೂತು ಒಂದು ಮಾತುಕತೆ ಸಾಕು.

ಇನ್ನೊಂದು. ಕಂಬದಿಂದ ಮೋಟರ್ ಮನೆಗೆ ಬರುವ ಸರ್ವೀಸ್ ವೈರಿನ ಜಾಯಿಂಟ್ ನೋಡಿಸಿ. ಲೈನ್ ಅಲ್ಯೂಮಿನಿಯಂ ಇರುತ್ತದೆ. ಅದಕ್ಕೆ ತಾಮ್ರದ ವೈರ್ ಸುಮ್ನೆ ಸುತ್ತಿ ಬಿಟ್ಟಿರುತ್ತಾರೆ. ಎರಡು ಲೋಹ ಸೇರಿದ ಕಡೆ ಮಳೆನೀರು ಬಿದ್ದು ಬೂದಿ ಕಟ್ಟುತ್ತದೆ. ಎರಡು ಮೂರು ವರ್ಷಕ್ಕೆ ಜಾಯಿಂಟ್ ಬಿಸಿಯಾಗೋಕೆ ಶುರು. ರಾತ್ರಿ ಮೋಟರ್ ಓಡುವಾಗ ದೂರದಿಂದ ಕಂಬ ನೋಡಿದರೆ ಕೆಲವು ಸಲ ಕೆಂಪಗೆ ಮಿಣುಕುತ್ತದೆ. ಆದರೆ ಯಾರೂ ಕಂಬ ಹತ್ತಬೇಡಿ. ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಹೇಳಿ, ಸೆಕ್ಷನ್ ಆಫೀಸಿಗೂ ಹೇಳಿ. ಲೈನ್ ಕ್ಲಿಯರ್ ತೆಗೆದುಕೊಂಡು, ಅಂದರೆ ಲೈನಿನ ಕರೆಂಟ್ ಬಂದ್ ಮಾಡಿಸಿಕೊಂಡು ಅವರೇ ಮಾಡಬೇಕು. ಪರಿಚಯದ ಹುಡುಗ ಇದ್ದಾನೆ, ಫ್ಯೂಸ್ ಎಳೆದು ಹತ್ತುತ್ತಾನೆ ಅನ್ನೋದು ಬೇಡವೇ ಬೇಡ. ಹಾಗೆ ಹತ್ತಿ ಹೋದವರನ್ನು ನಾನೇ ಇಳಿಸಿದ್ದೇನೆ.

ಹೊಳಲ್ಕೆರೆ ತೋಟ

ಪರೀಕ್ಷೆ ಆಯಿತು. ಮೇಷ್ಟ್ರು ಹೇಳಿದ ಕ್ರಮದಲ್ಲೇ ಮಾಡಿಸಿದೆ. ಅಂಕಿ ಇಲ್ಲಿವೆ.

ಮೋಟರ್ ಆಫ್ ಇದ್ದಾಗ: ಆರ್-ವೈ 424, ವೈ-ಬಿ 422, ಬಿ-ಆರ್ 425 ವೋಲ್ಟ್.
ಮೋಟರ್ ಓಡುವಾಗ: ಆರ್-ವೈ 410, ವೈ-ಬಿ 395, ಬಿ-ಆರ್ 394 ವೋಲ್ಟ್.
ಆಂಪ್ಸ್: ಆರ್ 19, ವೈ 15, ಬಿ 12. ನೇಮ್‌ಪ್ಲೇಟಿನಲ್ಲಿರೋದು 15, ರಿಲೇಯೂ 15ಕ್ಕೇ ಇಟ್ಟಿದೆ.

ವೈರ್‌ಗಳನ್ನು ಒಂದು ಮನೆ ಸರಿಸಿದ ಮೇಲೂ 19 ಆಂಪ್ಸ್ ಆರ್ ಟರ್ಮಿನಲ್‌ನಲ್ಲೇ ಉಳಿಯಿತು. ಮೆಗ್ಗರ್‌ನಲ್ಲಿ ಮೂರೂ ವೈರ್ 20 ಮೆಗಾ ಓಮ್‌ಗಿಂತ ಮೇಲೆ. ಅಂದರೆ ಮೋಟರ್ ಚೆನ್ನಾಗಿದೆ ಅಲ್ವಾ? ಹಾಗಾದರೆ ಕೆಟ್ಟಿರೋದು ಆರ್ ಫೇಸಾ?

ದಾವಣಗೆರೆ ಎಲೆಕ್ಟ್ರಿಕಲ್ ಮೇಷ್ಟ್ರು

ಬಹಳ ಅಚ್ಚುಕಟ್ಟಾಗಿ ಮಾಡಿಸಿದ್ದೀರಿ. ಮೋಟರ್ ಚೆನ್ನಾಗಿದೆ, ನಿಶ್ಚಿಂತೆಯಿಂದಿರಿ.

ಆದರೆ ಕೆಟ್ಟಿರೋದು ಆರ್ ಅಲ್ಲ, ಬಿ. ಇಲ್ಲಿ ಎಲ್ಲರೂ ಎಡವುತ್ತಾರೆ. ಜಾಸ್ತಿ ಆಂಪ್ಸ್ ತೋರಿಸುವ ಫೇಸನ್ನೇ ಕಾಯಿಲೆ ಅಂದುಕೊಳ್ಳುತ್ತಾರೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದರ ಹೆಗಲಿಗೆ ಭಾರ ಬೀಳುವ ಹಾಗೆ ಇದು. ವೋಲ್ಟೇಜ್ ನೋಡಿ. ಓಡುವಾಗ ಬಿ ಸೇರಿರುವ ಎರಡು ಅಳತೆಗಳೂ ಕುಸಿದಿವೆ. ಆರ್-ವೈ ಮಾತ್ರ ಗಟ್ಟಿ ಇದೆ. ಬಿ ಫೇಸಿನ ದಾರಿಯಲ್ಲಿ ಒಂದು ಕಡೆ ಕರೆಂಟಿಗೆ ತಡೆ ಇದೆ. ಅದಕ್ಕೇ ಅದರಲ್ಲಿ 12 ಆಂಪ್ಸ್ ಮಾತ್ರ, ಬಾಕಿ ಭಾರ ಆರ್ ಮೇಲೆ.

ವೋಲ್ಟೇಜ್ ಏರುಪೇರು ಬರೀ ಎರಡೂವರೆ ಪರ್ಸೆಂಟ್. ಆಂಪ್ಸ್ ಏರುಪೇರು 24 ಪರ್ಸೆಂಟ್. ಮೋಟರುಗಳ ಸ್ವಭಾವವೇ ಹಾಗೆ, ವೋಲ್ಟೇಜಿನ ಸಣ್ಣ ಏರುಪೇರು ಆಂಪ್ಸ್‌ನಲ್ಲಿ ಆರರಿಂದ ಹತ್ತು ಪಟ್ಟಾಗಿ ಕಾಣುತ್ತದೆ. ಅದಕ್ಕೆ 'ವೋಲ್ಟೇಜ್ ಎಲ್ಲ ಸರಿ ಇದೆ' ಅನ್ನುವ ಮಾತನ್ನು ಆಂಪ್ಸ್ ನೋಡದೆ ನಂಬಬಾರದು.

ಈಗ ನಿಮ್ಮ ಎರಡು ತೊಂದರೆಗಳನ್ನೂ ಸೇರಿಸಿ ನೋಡಿ. ರಿಲೇ 15ಕ್ಕೆ ಇಟ್ಟಿದೆ, ಆರ್‌ನಲ್ಲಿ 19 ಹೋಗುತ್ತಿದೆ. ಅರ್ಧ ಮುಕ್ಕಾಲು ಗಂಟೆಗೆ ಟ್ರಿಪ್. ಅದು ರಿಲೇ ಕೆಟ್ಟಿದ್ದಲ್ಲ, ನಿಮ್ಮ ಮೋಟರನ್ನು ಉಳಿಸಿದ್ದು. ಇನ್ನು ಬಿ ದಾರಿಯಲ್ಲಿ ಓಡುವಾಗ ಸುಮಾರು 20 ವೋಲ್ಟ್ ನಷ್ಟವಾಗುತ್ತಿದೆ. ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಆಂಪ್ಸ್ ಅಂದರೆ ನಷ್ಟವೂ ಐದಾರು ಪಟ್ಟು, 100 ವೋಲ್ಟಿನ ಮೇಲೆ. ಕಂಟ್ಯಾಕ್ಟರ್ ಕಾಯಿಲ್ ಬಿ ಫೇಸಿಗೆ ಸೇರಿದ್ದರೆ ಹಿಡಿದ ಕೂಡಲೇ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅದೇ ನಿಮ್ಮ ಟಕಟಕ.

20 ವೋಲ್ಟ್, 12 ಆಂಪ್ಸ್ ಅಂದರೆ ಆ ಒಂದು ಜಾಗದಲ್ಲಿ 240 ವ್ಯಾಟ್ ಬಿಸಿ. ಹುಡುಕುವುದು ಕಷ್ಟವಲ್ಲ. ಮೋಟರ್ ಮನೆಯೊಳಗೆ ಮೇನ್ ಸ್ವಿಚ್, ಕಿಟ್‌ಕ್ಯಾಟ್ ಫ್ಯೂಸ್, ಕಂಟ್ಯಾಕ್ಟರ್ ಮೂರರಲ್ಲೂ ಬಿ ಕಡೆ ಬಣ್ಣ ಬದಲಾಗಿದೆಯಾ ನೋಡಿಸಿ. ಒಳಗೆ ಸರಿ ಇದ್ದರೆ ಕಂಬವೇ.

ನಿವೃತ್ತ ಲೈನ್‌ಮ್ಯಾನ್, ಚಿತ್ರದುರ್ಗ

ಕಂಬವೇ ಇರುತ್ತದೆ ನೋಡಿ.

ಹರಿಹರ ಎಲೆಕ್ಟ್ರಾನಿಕ್ಸ್ ಹುಡುಗ

ಸರ್, ಜಾಯಿಂಟ್ ಸರಿ ಮಾಡಿಸಿದ ಮೇಲೂ ಪ್ಯಾನಲ್ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಬೋರ್ಡ್ ರಿಪೇರಿ ಮಾಡುವವನು. ಆರು ವರ್ಷದ ಹಿಂದಿನ ಮೊಬೈಲ್ ಪ್ಯಾನಲ್‌ಗಳಲ್ಲಿ ಹೆಚ್ಚಿನವು 2ಜಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಬೇರೆ ಕಂಪನಿ ಸಿಮ್ ಹಾಕಿದ್ದರೆ ಇವತ್ತು ನಡೆಯುತ್ತದೆ, ಆದರೆ ಈಗ ಹೊಸದಾಗಿ ದುಡ್ಡು ಹಾಕುವುದಾದರೆ 4ಜಿಗೇ ಹಾಕಿ.

ಬೋರ್ಡ್ ಬಿಚ್ಚಿ ಒಮ್ಮೆ ನೋಡಿ. ಪೂರ್ತಿ ಕಪ್ಪು ಅಂಟು ಸುರಿದು ಮುಚ್ಚಿದ್ದರೆ ರಿಪೇರಿ ಆಸೆ ಬಿಡಿ. ತೆರೆದಿದ್ದರೆ ಮಾಡಬಹುದು. ಸಾಮಾನ್ಯವಾಗಿ ಹೋಗೋದು ಕೆಪಾಸಿಟರ್, ತಲೆ ಉಬ್ಬಿರುತ್ತದೆ. ಇಲ್ಲ ಅಂದರೆ ಸಿಡಿಲಿಗೆ ಸಿಕ್ಕಿ ಒಡೆದ ವೇರಿಸ್ಟರ್, ಅಂದರೆ ಏಕಾಏಕಿ ಏರುವ ವೋಲ್ಟೇಜಿನಿಂದ ಬೋರ್ಡ್ ಕಾಯುವ ಬಿಡಿಭಾಗ. ಎರಡೂ ಕಮ್ಮಿ ಬೆಲೆಯ ಸಾಮಾನು.

ನನ್ನ ಸಲಹೆ ಏನಂದರೆ ಎರಡನ್ನೂ ಒಂದೇ ಡಬ್ಬದಲ್ಲಿ ಇಡಬೇಡಿ. ಕರೆಂಟ್ ಹೊರುವ ಭಾಗ ಬೇರೆ: ಕಂಟ್ಯಾಕ್ಟರ್, ರಿಲೇ, ಪುಶ್ ಬಟನ್. ಅದು ಯಾವ ಊರಲ್ಲೂ ಸಿಗುತ್ತದೆ, ಯಾವ ಮೆಕ್ಯಾನಿಕ್ ಬೇಕಾದರೂ ಸರಿ ಮಾಡುತ್ತಾನೆ. ಫೋನ್ ಮಾತು ಕೇಳುವ ಭಾಗ ಬೇರೆ. ಅದು ಬೇಗ ಹಳೆಯದಾಗುತ್ತದೆ, ಸಿಡಿಲಿಗೂ ಮೊದಲು ಅದೇ ಹೋಗುತ್ತದೆ. ಅದನ್ನು ಚಿಕ್ಕ ಡಬ್ಬದಲ್ಲಿ ಪಕ್ಕಕ್ಕೆ ಕೂರಿಸಿ. ಮಧ್ಯೆ ಒಂದು ಸೆಲೆಕ್ಟರ್ ಸ್ವಿಚ್ ಹಾಕಿ, ಒಂದು ಕಡೆ ಮೊಬೈಲ್, ಒಂದು ಕಡೆ ಕೈ. ಬೋರ್ಡ್ ಹೋದ ದಿನ ಸ್ವಿಚ್ ತಿರುಗಿಸಿ ಹಸಿರು ಬಟನ್ ಒತ್ತಿದರೆ ಮೋಟರ್ ಎದ್ದೇಳಬೇಕು. ಕೈಯಲ್ಲಿ ಓಡಿಸುವಾಗಲೂ ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಎರಡೂ ಕೆಲಸ ಮಾಡುವ ಹಾಗೆ ವೈರಿಂಗ್ ಇರಲಿ. ಇದನ್ನು ಮರೆಯುವವರು ಜಾಸ್ತಿ.

ಹೊಸದುರ್ಗದ ತೆಂಗಿನ ತೋಟ

ಇದು ಒಳ್ಳೆ ಮಾತು. ನಮ್ಮದು ಕಪ್ಪು ಅಂಟು ಸುರಿದ ಬೋರ್ಡೇ ಆಗಿತ್ತು, ಆ ಮಾಡೆಲ್ ಬರೋದೂ ನಿಂತಿತ್ತು. ಹಾಗಾಗಿ ನಾನು ಹೊಸದು ಹಾಕಿಸಿದ್ದು ಸರಿಯೇ. ಆದರೆ ತಮ್ಮನ ಪ್ಯಾನಲ್ ಬಿಚ್ಚಿ ನೋಡದೆ ಅದೇ ಮಾತು ಹೇಳೋಕೆ ಆಗಲ್ಲ. ಒಂದು ಮಾತ್ರ ಹೇಳುತ್ತೇನೆ. ರಿಪೇರಿ ಮಾಡಿಸುವುದಾದರೆ ಈಗಲೇ ಮಾಡಿಸು. ಮಾರ್ಚ್ ದಾಟಿದರೆ ಯಾವ ಮೆಕ್ಯಾನಿಕ್ಕೂ ಕೈಗೆ ಸಿಗೋದಿಲ್ಲ, ಆಗ ಯೋಚನೆ ಮಾಡದೆ ಹೊಸದು ತರಬೇಕು.

ಚನ್ನಗಿರಿ ಮೋಟರ್ ಕೆಲಸ

ಅಕ್ಕ ಹೇಳಿದ್ದು ನಿಜ. ಏಪ್ರಿಲ್‌ನಲ್ಲಿ ನಮಗೆ ಊಟಕ್ಕೆ ಪುರುಸೊತ್ತು ಇರೋದಿಲ್ಲ.

ಕಂಟ್ಯಾಕ್ಟರ್ ಇಷ್ಟು ದಿನ ಬಡಿದುಕೊಂಡಿದೆ ಅಂದರೆ ಪಾಯಿಂಟ್‌ಗಳು ಗುಳಿಬಿದ್ದಿರುತ್ತವೆ. ಉಜ್ಜಿ ನಯ ಮಾಡಿಕೊಡ್ತೀನಿ ಅಂತ ಯಾರಾದರೂ ಉಪ್ಪುಕಾಗದ ತೆಗೆದರೆ ಬೇಡ ಅನ್ನಿ. ಮೇಲಿನ ಬೆಳ್ಳಿ ಪದರ ಹೋಗಿಬಿಡುತ್ತದೆ. ಪಾಯಿಂಟ್ ಸೆಟ್ ಬದಲಿಸಿ, ಇಲ್ಲ ಕಂಟ್ಯಾಕ್ಟರನ್ನೇ ಹೊಸದು ಹಾಕಿ. ಒಂದು ಸೈಜ್ ದೊಡ್ಡದು ಹಾಕಿದರೆ ನಮ್ಮ ಕಡೆ ಕರೆಂಟಿಗೆ ಒಳ್ಳೆಯದು.

ಅರ್ಥಿಂಗ್ ಗುಂಡಿಯನ್ನೂ ನೋಡಿ. ಇದ್ದಿಲು, ಉಪ್ಪು ಹಾಕಿ ಎಷ್ಟು ವರ್ಷ ಆಯಿತೋ ಏನೋ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ಅದು ಇದ್ದೂ ಇಲ್ಲ. ಡ್ರಿಪ್‌ನ ಒಂದು ಮೈಕ್ರೋ ಟ್ಯೂಬ್ ಗುಂಡಿಗೆ ಬಿಟ್ಟುಬಿಡಿ, ಯಾವಾಗಲೂ ತೇವ ಇರುತ್ತದೆ. ಏಪ್ರಿಲ್, ಮೇ ಸಿಡಿಲಿಗೆ ಬೋರ್ಡ್ ಉಳಿಯಬೇಕಾದರೆ ಇದು ಬೇಕೇ ಬೇಕು.

ಹೊಳಲ್ಕೆರೆ ತೋಟ

ಕೆಲಸ ಮುಗಿಯಿತು. ಆಗಿದ್ದನ್ನು ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಲೈನ್‌ಮ್ಯಾನ್ ಸರ್ ಹೇಳಿದ ಹಾಗೆ ಕಂಬದಲ್ಲೇ ಇತ್ತು. 1912ಕ್ಕೆ ಹೇಳಿ, ಸೆಕ್ಷನ್ ಆಫೀಸಿಗೂ ಹೋಗಿ ಬಂದೆ. ಲೈನ್ ಕ್ಲಿಯರ್ ತೆಗೆದುಕೊಂಡು ಹತ್ತಿದರು. ಬಿ ಫೇಸ್ ಜಾಯಿಂಟ್‌ನಲ್ಲಿ ತಾಮ್ರದ ಎಳೆಗಳು ಅರ್ಧಕ್ಕರ್ಧ ಸುಟ್ಟು ಕಪ್ಪಾಗಿದ್ದವು. ಕೈ ಹಾಕಿದ ಕೂಡಲೇ ಉದುರಿತು. ಮೂರೂ ಫೇಸಿಗೆ ತಾಮ್ರ-ಅಲ್ಯೂಮಿನಿಯಂ ಎರಡಕ್ಕೂ ಒಗ್ಗುವ ಲಗ್ ಒತ್ತಿಸಿ ಬೋಲ್ಟ್ ಹಾಕಿದರು. ಕಿಟ್‌ಕ್ಯಾಟ್‌ಗಳನ್ನೂ ಬದಲಿಸಿದೆವು.

ಆಮೇಲೆ ಅಳತೆ: ಓಡುವಾಗ 411, 409, 410 ವೋಲ್ಟ್. ಆಂಪ್ಸ್ 14.5, 15, 14.5. ಅಲ್ಲಿಂದ ಒಂದು ಸಲವೂ ಓವರ್‌ಲೋಡ್ ಬಂದಿಲ್ಲ. ಈ ಸ್ಥಿತಿಯಲ್ಲಿ 13,500ರ ಹೊಸ ಪ್ಯಾನಲ್ ಹಾಕಿಸಿದ್ದರೆ ಅದೂ ಅರ್ಧ ಗಂಟೆಗೆ ನಿಲ್ಲುತ್ತಿತ್ತು. ಅಂಗಡಿಯಿಂದ ಯಾರೂ ತೋಟಕ್ಕೆ ಬಂದು ನೋಡಲಿಲ್ಲ, ಫೋನಲ್ಲೇ 'ಬೋರ್ಡ್ ಹೋಗಿದೆ' ಅಂದಿದ್ದರು. ಅದು ನನಗೆ ಬೇಜಾರು.

ಪ್ಯಾನಲ್ ವಿಷಯದಲ್ಲಿ ಹರಿಹರದ ತಮ್ಮ ಹೇಳಿದ ದಾರಿ ಹಿಡಿದೆ. ಹಳೇ ಡಬ್ಬ ಹಾಗೇ ಇದೆ. ಕಂಟ್ಯಾಕ್ಟರ್ ಒಂದು ಸೈಜ್ ದೊಡ್ಡದು, ಹೊಸದು. ರಿಲೇ ಹಳೆಯದೇ, ಅದು ಸರಿಯಾಗಿಯೇ ಕೆಲಸ ಮಾಡಿದೆ, 15ರಲ್ಲೇ ಇಟ್ಟಿದ್ದೇವೆ. ಹಳೇ ಬೋರ್ಡಿನಲ್ಲಿ ಸಿಂಗಲ್ ಫೇಸ್, ಡ್ರೈ ರನ್ ಕಾವಲು ಸರಿ ಇತ್ತು, ಉಳಿಸಿಕೊಂಡೆವು. ಅದರ 2ಜಿ ಭಾಗ ಮಾತ್ರ ಕೈಬಿಟ್ಟು, ಪಕ್ಕದಲ್ಲಿ ಬೇರೆ 4ಜಿ ಡಬ್ಬ ಕೂರಿಸಿ, ಮಧ್ಯೆ ಸೆಲೆಕ್ಟರ್ ಸ್ವಿಚ್. ಈ ಹೊಸ ಡಬ್ಬ ಆಂಪ್ಸ್ ನೋಡಿಯೇ 'ಮೋಟರ್ ಆನ್' ಅನ್ನುತ್ತದೆ. ಎಲ್ಲ ಸೇರಿ ಹೊಸ ಪ್ಯಾನಲ್ ದುಡ್ಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ಬರೀ ರಿಪೇರಿ ಮಾಡಿಸಿದ್ದರೆ ಇನ್ನೂ ಕಮ್ಮಿ ಆಗುತ್ತಿತ್ತು, ಆದರೆ ರಾತ್ರಿ ಪಾಳಿಗೆ ನನಗೆ ನಂಬಿಕೆ ಬೇಕಿತ್ತು.

ಸೆಲೆಕ್ಟರ್ ಸ್ವಿಚ್ಚನ್ನು ಅಪ್ಪನ ಕೈಯಲ್ಲೇ ತಿರುಗಿಸಿಸಿ ತೋರಿಸಿಕೊಟ್ಟೆ. ಅವರಿಗೆ ಬಹಳ ಖುಷಿ. ಫೋನ್ ಇಲ್ಲದಿದ್ದರೂ ಮೋಟರ್ ತನ್ನ ಮಾತು ಕೇಳುತ್ತದೆ ಅನ್ನುವುದು ಅವರಿಗೆ ದೊಡ್ಡದು.

ನಮ್ಮ ಟಿಸಿಯಲ್ಲಿ ಐದು ಜನ ಇದ್ದೇವೆ. ಎಲ್ಲರೂ ಕೂತು ಮಾತಾಡಿ ಡಿಲೇ ಹಂಚಿಕೊಂಡೆವು. ಮೊದಲನೆಯವರಿಗೆ 30 ಸೆಕೆಂಡ್, ಆಮೇಲೆ ಒಬ್ಬೊಬ್ಬರಿಗೂ 30 ಸೆಕೆಂಡ್ ಜಾಸ್ತಿ. ಕೊನೆಯವರು ಎರಡೂವರೆ ನಿಮಿಷಕ್ಕೆ.

ಚಳ್ಳಕೆರೆ ಶೇಂಗಾ

ನಮ್ಮ ಬೋರು ನೀರು ಕಮ್ಮಿ. ಡ್ರೈ ರನ್ ಆಗಿ ನಿಂತ ಮೇಲೆ ಮತ್ತೆ ಎಷ್ಟು ಹೊತ್ತಿಗೆ ಎದ್ದೇಳುವ ಹಾಗೆ ಇಡಬೇಕು?

ಚನ್ನಗಿರಿ ಮೋಟರ್ ಕೆಲಸ

ನಿಮ್ಮ ಬೋರು ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೋ ಅದರ ಮೇಲೆ. ನಿಂತ ಮೇಲೆ ಅರ್ಧ ಗಂಟೆ ಬಿಟ್ಟು ಆನ್ ಮಾಡಿ, ಎಷ್ಟು ಹೊತ್ತು ಓಡಿತು ಬರೆದುಕೊಳ್ಳಿ. ಆಮೇಲೆ ಒಂದು ಗಂಟೆ ಬಿಟ್ಟು ನೋಡಿ. ಐದು ನಿಮಿಷಕ್ಕೇ ಮತ್ತೆ ನಿಂತರೆ ಗ್ಯಾಪ್ ಸಾಲದು ಅಂತ. ಮೇಲಿಂದ ಮೇಲೆ ಸ್ಟಾರ್ಟ್ ಆಗುವುದೂ ಮೋಟರಿಗೆ ಕೆಟ್ಟದ್ದೇ. ಗೇಟ್‌ವಾಲ್ ಸ್ವಲ್ಪ ತಿರುಗಿಸಿ ಹರಿವು ಕಮ್ಮಿ ಮಾಡಿ ನೋಡಿ, ಬೋರು ಕೊಡುವಷ್ಟೇ ಎತ್ತಿದರೆ ನಿಲ್ಲದೆ ಓಡುತ್ತದೆ.

ಹೊಸದುರ್ಗದ ತೆಂಗಿನ ತೋಟ

ತಮ್ಮಾ, ನಿನ್ನ 4ಜಿ ಡಬ್ಬಕ್ಕೆ ಮೋಟರ್ ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗುತ್ತದಾ? ನಮ್ಮಲ್ಲಿ ತಗಡಿನ ಮನೆ, ಫೋನೇ ಹತ್ತೋದಿಲ್ಲ.

ಹೊಳಲ್ಕೆರೆ ತೋಟ

ನಮ್ಮದೂ ತಗಡೇ ಅಕ್ಕ. ಆಂಟೆನಾ ವೈರ್ ಉದ್ದದ್ದು ತರಿಸಿ ಸೂರಿನ ಹೊರಗೆ ಕಟ್ಟಿದ್ದೇವೆ. ಕಬ್ಬಿಣದ ಡಬ್ಬದ ಒಳಗೆ ಮಾತ್ರ ಬಿಡಬೇಡಿ. ಸಿಮ್ ಹಾಕಿಸುವ ಮೊದಲು ನಿಮ್ಮ ಫೋನಲ್ಲೇ ಎರಡು ಮೂರು ಕಂಪನಿಯ ಸಿಮ್ ಹಾಕಿ ಮೋಟರ್ ಮನೆ ಹತ್ತಿರ ನಿಂತು ನೋಡಿ. ಯಾವುದು ಗಟ್ಟಿ ಸಿಗುತ್ತದೋ ಅದು. ರೀಚಾರ್ಜ್ ಮುಗಿಯುವ ತಾರೀಖನ್ನು ಡಬ್ಬದ ಮೇಲೆ ಬರೆದು ಅಂಟಿಸಿ.